ಕಾರು ಕಳ್ಳತನ: ಮಂಗಳೂರು, ಉಡುಪಿಯ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಾರು ತಗೊಂಡವರು ಮದುವೆ ಹಾಲ್‌ನಲ್ಲಿ, ಆಫೀಸಿನಲ್ಲಿ, ನೆಂಟರ ಮನೆಯಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನೀವು ಓದಿ, ಮನೆಯಲ್ಲಿ ಆ ಕಾರು ಓಡಿಸುವ ಎಲ್ಲರಿಗೂ ಓದಿಸಿ.

ನನ್ನದು ಹೊಸ ಕಾರು, ಎಲ್ಲಾ ಸೆಕ್ಯುರಿಟಿ ಉಂಟು. ಇದನ್ನೂ ಕದಿಯಲಿಕ್ಕೆ ಆಗುತ್ತದಾ?

ಆಗುತ್ತದೆ. ಹಿಂದೆ ಕಳ್ಳ ಬೀಗ ಮುರಿದು, ಸ್ಟಿಯರಿಂಗ್ ಕೆಳಗಿನ ವಯರ್ ಎಳೆದು, ಒಂದಕ್ಕೊಂದು ತಾಗಿಸಿ ಸ್ಟಾರ್ಟ್ ಮಾಡುತ್ತಿದ್ದ. ಇಮೊಬಿಲೈಸರ್ ಬಂದ ಮೇಲೆ ಆ ಕೆಲಸ ನಡೆಯುವುದಿಲ್ಲ. ಕೀ ಒಳಗೆ ಸಣ್ಣ ಚಿಪ್ ಇರುತ್ತದೆ, ಅದರ ಕೋಡ್ ಸರಿಯಿದ್ದರೆ ಮಾತ್ರ ಎಂಜಿನ್ ಸ್ಟಾರ್ಟ್ ಆಗಲು ಕಾರಿನ ಕಂಪ್ಯೂಟರ್ ಬಿಡುತ್ತದೆ. ಮಾರುತಿಯವರು ಐಕ್ಯಾಟ್ಸ್ ಅನ್ನುವುದು ಇದಕ್ಕೇ.

ಇದೊಂದು ಇಲ್ಲದಿದ್ದರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ ಕಂಡಾಗಿದೆ. ಅಲ್ಲಿ ಮಾರಿದ ಎಷ್ಟೋ ಹ್ಯುಂಡೈ, ಕಿಯಾ ಕಾರುಗಳಲ್ಲಿ ಇಮೊಬಿಲೈಸರ್ ಇರಲಿಲ್ಲ. ಯುಎಸ್‌ಬಿ ಕೇಬಲ್ ತುದಿಯಿಂದ ತಿರುಗಿಸಿ ಸ್ಟಾರ್ಟ್ ಮಾಡುವ ವಿಡಿಯೋಗಳು ಹರಡಿದ್ದೇ ತಡ, ಹದಿಹರೆಯದ ಹುಡುಗರೆಲ್ಲ ಕದಿಯಲು ಶುರು ಮಾಡಿದರು. ಕೊನೆಗೆ 2023ರಲ್ಲಿ ಕಂಪನಿಗಳು ಪುಕ್ಕಟೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕಾಯಿತು.

ಈಗಿನ ಕಳ್ಳ ಇಮೊಬಿಲೈಸರ್ ಮುರಿಯಲು ಹೋಗುವುದಿಲ್ಲ. ಅದನ್ನು ನಂಬಿಸುತ್ತಾನೆ. ಕಾರಿಗೆ ಗೊತ್ತಿರುವುದು ಕೀ ಕೋಡ್ ಮಾತ್ರ, ಹಿಡಿದವರು ಯಾರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಎಷ್ಟೇ ದುಬಾರಿ ಕಾರಿದ್ದರೂ ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಒಂದು ಕಬ್ಬಿಣದ ಬೀಗ ಬೇಕೇ ಬೇಕು ಅಂತ ನಾನು ಎಲ್ಲರಿಗೂ ಹೇಳುವುದು. ಯಾಕೆ ಅಂತ ಕೆಳಗೆ ಓದಿದರೆ ಗೊತ್ತಾಗುತ್ತದೆ.

ಕೀ ನನ್ನ ಮನೆಯೊಳಗೇ ಇದ್ದರೂ ಪುಶ್ ಬಟನ್ ಕಾರು ಹೋಗುವುದು ಹೇಗೆ?

ಇದಕ್ಕೆ ರಿಲೇ ಅನ್ನುತ್ತಾರೆ. ಕೀ ಜೇಬಿನಲ್ಲಿಟ್ಟುಕೊಂಡೇ ಬಾಗಿಲು ತೆಗೆಯುವ ಕಾರುಗಳಿಗೆ ಮಾತ್ರ ಈ ಅಪಾಯ.

ನೀವು ಹ್ಯಾಂಡಲ್ ಮುಟ್ಟಿದಾಗ ಕಾರು ಒಂದು ಸಣ್ಣ ರೇಡಿಯೋ ಸಿಗ್ನಲ್ ಬಿಡುತ್ತದೆ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ. ಅದು ಒಂದೆರಡು ಮೀಟರ್ ದೂರಕ್ಕೆ ಮಾತ್ರ ಮುಟ್ಟುತ್ತದೆ. ಅಷ್ಟು ಹತ್ತಿರ ಕೀ ಇದ್ದರೆ ಅದು ಎಚ್ಚರಾಗಿ ತನ್ನ ಕೋಡ್ ಕಳಿಸುತ್ತದೆ, ಬಾಗಿಲು ತೆರೆಯುತ್ತದೆ. ಕೀ ಹತ್ತಿರವೇ ಇದೆ ಅನ್ನುವ ನಂಬಿಕೆ ಮೇಲೆ ಈ ಇಡೀ ವ್ಯವಸ್ಥೆ ನಿಂತಿದೆ.

ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ನಿಮ್ಮ ಮನೆಯ ಗೋಡೆ ಅಥವಾ ಬಾಗಿಲಿನ ಹತ್ತಿರ ಆಂಟೆನಾ ಹಿಡಿದುಕೊಂಡು. ಕಾರಿನ ಸಿಗ್ನಲನ್ನು ಮನೆವರೆಗೆ, ಕೀಯ ಉತ್ತರವನ್ನು ಕಾರಿನವರೆಗೆ ದಾಟಿಸುತ್ತಾರೆ. ಕೋಡ್ ಒಡೆಯುವ ಕೆಲಸವೇ ಇಲ್ಲ. ಬೆಂಗಳೂರಿನಲ್ಲಿರುವ ಮಗನ ಮಾತನ್ನು ಫೋನ್ ಸ್ಪೀಕರ್‌ಗೆ ಹಾಕಿ ಚಾವಡಿಯಲ್ಲಿ ಕೂತ ಅಜ್ಜಿಗೆ ಕೇಳಿಸಿದ ಹಾಗೆ, ಅಷ್ಟೇ. ಒಂದು ನಿಮಿಷವೂ ಬೇಡ, ಗಾಜು ಒಡೆಯುವುದಿಲ್ಲ, ಸೈರನ್ ಕೂಗುವುದಿಲ್ಲ.

ಸ್ಟಾರ್ಟ್ ಆದ ಕಾರು ಕೀ ದೂರ ಹೋಯಿತು ಅಂತ ನಿಲ್ಲುವುದೂ ಇಲ್ಲ. ಹೈವೇಯಲ್ಲಿ ಓಡುತ್ತಿರುವಾಗ ಎಂಜಿನ್ ಬಂದ್ ಆದರೆ ಅಪಾಯ ಅಲ್ವಾ, ಅದಕ್ಕೆ ಬರೀ ಎಚ್ಚರಿಕೆ ತೋರಿಸುತ್ತದೆ. ಜರ್ಮನಿಯ ವಾಹನ ಸಂಸ್ಥೆ ಎಡಿಎಸಿ ಇಂಥ ನೂರಾರು ಮಾಡೆಲ್‌ಗಳನ್ನು ಪರೀಕ್ಷೆ ಮಾಡಿದೆ, ಹೆಚ್ಚಿನವು ಮೋಸ ಹೋಗಿವೆ. ಅಲ್ಟ್ರಾ ವೈಡ್‌ಬ್ಯಾಂಡ್ ಇರುವ ಹೊಸ ಕೀಗಳು ಸಿಗ್ನಲ್ ಬಂದು ಹೋಗುವ ಸಮಯ ಅಳೆದು ದೂರ ಲೆಕ್ಕ ಹಾಕುತ್ತವೆ, ಅವುಗಳನ್ನು ಹೀಗೆ ಏಮಾರಿಸುವುದು ಬಹಳ ಕಷ್ಟ. ಆದರೆ ನಮ್ಮ ರಸ್ತೆಯಲ್ಲಿ ಅಂಥ ಕಾರುಗಳು ಇನ್ನೂ ಕಡಿಮೆ.

ಹಾಗಾದರೆ ಕೀ ಎಲ್ಲಿ ಇಡಬೇಕು?

ಮುಂಬಾಗಿಲ ಹತ್ತಿರದ ಮೊಳೆಯಲ್ಲಿ ಬೇಡ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಕಾರು ನಿಲ್ಲುವುದು ಸಿಟೌಟ್ ಪಕ್ಕದಲ್ಲೇ, ಕೀ ನೇತಾಡುವುದು ಅದೇ ಗೋಡೆಯ ಒಳಬದಿಯಲ್ಲಿ. ಎರಡರ ನಡುವೆ ಇರುವುದು ಒಂದು ಗೋಡೆ ಮಾತ್ರ. ಹಿಂದಿನ ಕೋಣೆಯಲ್ಲಿ ಇಡಿ. ಅದಕ್ಕಿಂತ ಒಳ್ಳೆಯದು ಫ್ಯಾರಡೆ ಪೌಚ್. ಒಳಗೆ ಲೋಹದ ಬಟ್ಟೆ ಇರುವ ಸಣ್ಣ ಚೀಲ ಅದು, ಸಿಗ್ನಲ್ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ.

ತಂದ ಪೌಚನ್ನು ಸುಮ್ನೆ ನಂಬಬೇಡಿ, ಪರೀಕ್ಷೆ ಮಾಡಿ. ಕಾರು ಲಾಕ್ ಮಾಡಿ, ಕೀ ಪೌಚ್‌ಗೆ ಹಾಕಿ, ಬಾಯಿ ಪೂರ್ತಿ ಮಡಚಿ ಮುಚ್ಚಿ, ಅದನ್ನು ಕೈಯಲ್ಲಿ ಹಿಡಿದು ಡ್ರೈವರ್ ಬಾಗಿಲಿಗೆ ತಾಗಿ ನಿಂತುಕೊಳ್ಳಿ. ಈಗ ಹ್ಯಾಂಡಲ್ ಮೇಲಿನ ಕಪ್ಪು ಬಟನ್ ಒತ್ತಿ. ಬಾಗಿಲು ತೆರೆದರೆ ಪೌಚ್ ಪ್ರಯೋಜನಕ್ಕಿಲ್ಲ. ತೆರೆಯದಿದ್ದರೆ ಪೌಚನ್ನು ಸ್ವಲ್ಪ ತಿರುಗಿಸಿ, ಮಡಿಕೆ ಸಡಿಲ ಮಾಡಿ ಇನ್ನೊಮ್ಮೆ ಒತ್ತಿ ನೋಡಿ. ದಿನಾ ಮಡಚಿ ಬಿಡಿಸಿ ಮಡಿಕೆಯ ಜಾಗದಲ್ಲೇ ಒಳಗಿನ ಲೋಹದ ಪದರ ಸವೆಯುತ್ತದೆ, ಹಾಗಾಗಿ ಆಗಾಗ ಈ ಪರೀಕ್ಷೆ ಮಾಡುತ್ತಿರಬೇಕು. ಬಿಸ್ಕತ್ ಡಬ್ಬ, ಸ್ಟೀಲ್ ಡಬ್ಬಗಳನ್ನೂ ಇದೇ ರೀತಿ ನೋಡಿ. ಕೆಲವು ತಡೆಯುತ್ತವೆ, ಮುಚ್ಚಳ ಸರಿಯಾಗಿ ಕೂರದ ಡಬ್ಬಗಳು ತಡೆಯುವುದಿಲ್ಲ.

ಡೂಪ್ಲಿಕೇಟ್ ಕೀ ಮರೆಯಬೇಡಿ! ಒಂದು ಕೀ ಪೌಚ್‌ನಲ್ಲಿ, ಇನ್ನೊಂದು ಟಿವಿ ಸ್ಟ್ಯಾಂಡ್ ಮೇಲೆ ಇದ್ದರೆ ಏನು ಬಂತು? ಕೆಲವು ಕಂಪನಿಯ ಕೀಗಳು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ತಾವೇ ಮಲಗುತ್ತವೆ. ಕೆಲವು ಕಾರುಗಳಲ್ಲಿ ಕೀಲೆಸ್ ಸೌಲಭ್ಯವನ್ನೇ ಮೆನುವಿನಲ್ಲಿ ಆಫ್ ಮಾಡಬಹುದು. ನಿಮ್ಮ ಮ್ಯಾನ್ಯುವಲ್ ತೆಗೆದು ನೋಡಿ.

ನನ್ನದು ಮಾಮೂಲಿ ಕೀ ತಿರುಗಿಸುವ ಕಾರು. ನಾನು ನೆಮ್ಮದಿಯಾಗಿರಬಹುದಲ್ವಾ?

ರಿಲೇ ವಿಷಯದಲ್ಲಿ ಹೌದು. ಆದರೆ ನಮ್ಮ ದೇಶದಲ್ಲಿ ದೆಹಲಿ ಕಡೆ ಸಿಕ್ಕಿಬಿದ್ದ ಎಷ್ಟೋ ಗ್ಯಾಂಗ್‌ಗಳು ಬಳಸಿದ ದಾರಿ ಬೇರೆ, ಅದು ಎರಡೂ ಬಗೆಯ ಕಾರಿಗೆ ನಡೆಯುತ್ತದೆ.

ಡ್ರೈವರ್ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಮೇಲೆ ಬಗ್ಗಿ ನೋಡಿ. ಒಂದು ಬದಿ ಅಗಲ, ಇನ್ನೊಂದು ಬದಿ ಸ್ವಲ್ಪ ಕಿರಿದಾದ ಪ್ಲಾಸ್ಟಿಕ್ ಸಾಕೆಟ್ ಕಾಣುತ್ತದೆ, ಎರಡು ಸಾಲಿನಲ್ಲಿ ಎಂಟೆಂಟು, ಒಟ್ಟು 16 ಪಿನ್‌ಗಳ ಜಾಗ. ಅದೇ ಒಬಿಡಿ ಪೋರ್ಟ್. ಸರ್ವಿಸ್ ಸ್ಟೇಷನ್‌ನವರು ಸ್ಕ್ಯಾನರ್ ಹಾಕುವುದು ಅಲ್ಲಿಗೆ. ಕೀ ಕಳೆದುಹೋದರೆ ಹೊಸ ಕೀಯನ್ನು ಕಾರಿಗೆ ಪರಿಚಯಿಸುವುದೂ ಅಲ್ಲಿಂದಲೇ. ಕಳ್ಳ ಸಣ್ಣ ಗಾಜು ಒಡೆದು ಒಳಗೆ ಬಂದು, ಹಾರ್ನ್ ವಯರ್ ತಪ್ಪಿಸಿ, ಕೀ ಪ್ರೋಗ್ರಾಂ ಮಾಡುವ ಟ್ಯಾಬ್ಲೆಟನ್ನು ಆ ಪೋರ್ಟ್‌ಗೆ ಚುಚ್ಚಿ ಖಾಲಿ ಕೀಗೆ ಕೋಡ್ ಹಾಕಿಕೊಳ್ಳುತ್ತಾನೆ. ಆಮೇಲೆ ಆ ಕಾರಿನ ಮಟ್ಟಿಗೆ ಅವನ ಹತ್ತಿರ ಇರುವುದು ಕಂಪನಿಯ ಕೀ.

ಇದಕ್ಕೆ ಒಬಿಡಿ ಲಾಕ್ ಸಿಗುತ್ತದೆ, ಸಾಕೆಟ್ ಮೇಲೆ ಲೋಹದ ಮುಚ್ಚಳ ಕೂರಿಸಿ ಬೀಗ ಹಾಕುವುದು. ಪೂರ್ತಿ ತಡೆಯುತ್ತದೆ ಅಂತ ಹೇಳಲಾರೆ, ಆದರೆ ತಡ ಮಾಡಿಸುತ್ತದೆ. ಕಳ್ಳನಿಗೆ ಬೇಡದ್ದು ಅದೇ.

ಇನ್ನೂ ಹಳೆಯ, ಇಮೊಬಿಲೈಸರ್ ಇಲ್ಲದ ಕಾರು ನಿಮ್ಮದಾದರೆ ಗೇರ್ ಲಾಕ್ (ಗೇರ್ ಅಲುಗದಂತೆ ಹಿಡಿಯುವ ಕಬ್ಬಿಣದ ಬೀಗ) ಇವತ್ತೇ ಹಾಕಿಸಿ, ಉಳಿದದ್ದು ಆಮೇಲೆ ಓದಿ.

ಹೆಡ್‌ಲೈಟ್ ಬಿಚ್ಚಿ ಕಾರು ಕದಿಯುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ?

ನಿಜ. 2022ರಲ್ಲಿ ಲಂಡನ್‌ನಲ್ಲಿ ಒಂದು ಟೊಯೊಟಾ ರಾವ್4 ಹೀಗೇ ಹೋಯಿತು. ಅದರ ಮಾಲೀಕರು ಸ್ವತಃ ಕಾರುಗಳ ಸೈಬರ್ ಸೆಕ್ಯುರಿಟಿ ಕೆಲಸ ಮಾಡುವವರು. ಮೊದಲು ಬಂಪರ್ ಎಳೆದು, ಹೆಡ್‌ಲೈಟ್ ವಯರ್ ಕಿತ್ತಿದ್ದರು. ಅವರು ಯಾರೋ ಪುಂಡರ ಕೆಲಸ ಅಂದುಕೊಂಡರು. ಸ್ವಲ್ಪ ದಿನದಲ್ಲಿ ಕಾರೇ ಮಾಯ. ಆಮೇಲೆ ಅವರೂ ಅವರ ಗೆಳೆಯರೊಬ್ಬರೂ ಸೇರಿ ಹುಡುಕಿದಾಗ, ಬ್ಲೂಟೂತ್ ಸ್ಪೀಕರ್ ಒಳಗೆ ಅಡಗಿಸಿ ಮಾರುವ ಒಂದು ಉಪಕರಣ ಇದಕ್ಕೆ ಕಾರಣ ಅಂತ ಗೊತ್ತಾಯಿತು. 2023ರಲ್ಲಿ ಅದನ್ನು ಬಹಿರಂಗ ಮಾಡಿದರು.

ಕಾರಿನೊಳಗಿನ ಕಂಪ್ಯೂಟರ್‌ಗಳು ಕ್ಯಾನ್ ಬಸ್ ಅನ್ನುವ ಜೋಡಿ ವಯರ್‌ನಲ್ಲಿ ಮಾತಾಡಿಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ಹೆಡ್‌ಲೈಟ್‌ಗೂ ಆ ವಯರ್ ಹೋಗುತ್ತದೆ. ಅಲ್ಲಿಂದ 'ಕೀ ಸರಿ ಇದೆ' ಅನ್ನುವ ಸುಳ್ಳು ಸಂದೇಶ ತಳ್ಳಿದರೆ ಉಳಿದ ಭಾಗಗಳು ನಂಬಿಬಿಡುತ್ತವೆ. ಪೌಚ್ ಇದನ್ನು ತಡೆಯುವುದಿಲ್ಲ. ಬೆಳಿಗ್ಗೆ ಎದ್ದು ನೋಡುವಾಗ ಬಂಪರ್ ಅಥವಾ ಚಕ್ರದ ಮೇಲಿನ ಪ್ಲಾಸ್ಟಿಕ್ ಸಡಿಲ ಆಗಿದ್ದರೆ, ಯಾರೋ ತಾಗಿಸಿ ಹೋದರು ಅಂತ ಬಿಡಬೇಡಿ. ಅವತ್ತು ರಾತ್ರಿ ಕಾರನ್ನು ಬೇರೆ ಕಡೆ, ಗೇಟಿನೊಳಗೆ ನಿಲ್ಲಿಸಿ.

ಇಷ್ಟೆಲ್ಲಾ ದಾರಿ ಇದ್ದರೆ ನಾವು ಎಂತ ಮಾಡುವುದು ಮಾರಾಯ್ರೆ?

ಮೊದಲು ಗೇರ್ ಲಾಕ್. ನನ್ನನ್ನು ಒಂದೇ ವಸ್ತು ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಕೋಡ್ ನಕಲು ಮಾಡಲಿ, ಸಿಗ್ನಲ್ ದಾಟಿಸಲಿ, ಹೆಡ್‌ಲೈಟ್ ಬಿಚ್ಚಲಿ, ಎಂಜಿನ್ ಸ್ಟಾರ್ಟ್ ಆದ ಮೇಲೂ ಗೇರ್ ಬೀಳುವುದಿಲ್ಲ. ಅದನ್ನು ಕತ್ತರಿಸಲು ಬೇರೆ ಆಯುಧ ಬೇಕು, ಸದ್ದಾಗುತ್ತದೆ, ಸಮಯ ಹಿಡಿಯುತ್ತದೆ. ಕೆಲವು ಸಾವಿರ ರೂಪಾಯಿಯ ಕೆಲಸ, ವಯರ್ ಮುಟ್ಟುವುದಿಲ್ಲ, ಹಾಗಾಗಿ ವಾರಂಟಿ ಗಲಾಟೆಯೂ ಇಲ್ಲ. ಆಟೋಮ್ಯಾಟಿಕ್ ಕಾರಿಗೂ ಸಿಗುತ್ತದೆ.

ಎರಡನೆಯದು ಸ್ಟಿಯರಿಂಗ್ ಲಾಕ್, ಹಳದಿ ಅಥವಾ ಕೆಂಪು ಬಣ್ಣದ್ದು. ಅದರ ಶಕ್ತಿಗಿಂತ ಅದು ಹೊರಗಿನಿಂದ ಎದ್ದು ಕಾಣುವುದೇ ದೊಡ್ಡ ಲಾಭ. ಸಾಲಾಗಿ ನಿಂತ ಕಾರುಗಳಲ್ಲಿ ಸುಲಭದ್ದನ್ನೇ ಕಳ್ಳ ಆರಿಸುತ್ತಾನೆ.

ಗುಟ್ಟಿನ ಕಿಲ್ ಸ್ವಿಚ್ ಕೂಡ ಒಳ್ಳೆಯದೇ. ಫ್ಯುಯೆಲ್ ಪಂಪ್‌ಗೆ ಹೋಗುವ ಕರೆಂಟ್ ಕಟ್ ಮಾಡುವ ಸಣ್ಣ ಸ್ವಿಚ್ ಎಲ್ಲಾದರೂ ಅಡಗಿಸುವುದು. ಆದರೆ ವಾರಂಟಿ ಇರುವ ಕಾರಿನಲ್ಲಿ ವಯರ್ ಕತ್ತರಿಸುವ ಮೊದಲು ಶೋರೂಮ್‌ನವರನ್ನು ಕೇಳಿ. ಒಳ್ಳೆಯ ಎಲೆಕ್ಟ್ರಿಷಿಯನ್ ಹತ್ತಿರ ಮಾತ್ರ ಮಾಡಿಸಿ, ತಪ್ಪಾದರೆ ನಡುದಾರಿಯಲ್ಲಿ ಕಾರು ನಿಲ್ಲುತ್ತದೆ.

ಸೈರನ್ ಬಗ್ಗೆ ಒಂದು ಮಾತು. ಜೂನ್, ಜುಲೈಯಲ್ಲಿ ಗುಡುಗಿಗೆ, ಬಿದ್ದ ತೆಂಗಿನ ಗರಿಗೆ ಸೈರನ್ ಕೂಗಿ ಕೂಗಿ ಬೇಸತ್ತು ಎಷ್ಟೋ ಜನ ಅದನ್ನು ಆಫ್ ಮಾಡಿಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಜೋರು ಮಳೆಯಲ್ಲಿ ಗಾಜು ಒಡೆದ ಸದ್ದೂ ಕೇಳುವುದಿಲ್ಲ. ಮಳೆಗಾಲದಲ್ಲೇ ಗೇರ್ ಲಾಕ್ ಜಾಸ್ತಿ ಬೇಕು.

ಮಾಲ್‌ನಲ್ಲಿ, ಬೀಚ್‌ನಲ್ಲಿ ರಿಮೋಟ್ ಒತ್ತಿ ಹೋದರೆ ಸಾಕಾ?

ಹ್ಯಾಂಡಲ್ ಎಳೆದು ನೋಡಿ. ಜಾಮರ್ ಇಟ್ಟುಕೊಂಡವನು ಪಕ್ಕದಲ್ಲಿದ್ದರೆ ನಿಮ್ಮ ರಿಮೋಟ್ ಸಿಗ್ನಲ್ ಕಾರಿಗೆ ಮುಟ್ಟುವುದೇ ಇಲ್ಲ, ನೀವು ಲಾಕ್ ಆಯಿತು ಅಂದುಕೊಂಡು ನಡೆದು ಹೋಗುತ್ತೀರಿ. ಪಣಂಬೂರು, ಮಲ್ಪೆಯಲ್ಲಿ ನೀರಿಗೆ ಇಳಿಯುವ ಗಡಿಬಿಡಿಯಲ್ಲಿ ಕೀಯನ್ನು ಚಪ್ಪಲಿ, ಟವೆಲ್ ಜೊತೆ ಮರಳಿನ ಮೇಲೆ ಇಟ್ಟು ಹೋಗುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಬ್ಬರು ದಡದಲ್ಲಿ ಕೂರಲಿ.

ಕಂಬಳ, ನೇಮ, ಯಕ್ಷಗಾನಕ್ಕೆ ಹೋದಾಗ ಗದ್ದೆಯಲ್ಲಿ ನಿಲ್ಲಿಸಬೇಕಾಗುತ್ತದೆ. ಅಲ್ಲಿ?

ರಾತ್ರಿಯಿಡೀ ಕಾರ್ಯಕ್ರಮ, ನೂರಾರು ಕಾರು, ಮೈಕ್ ಸದ್ದು, ಯಾರ ಕಾರು ಯಾರು ತೆಗೆದರೂ ಯಾರೂ ಕೇಳುವುದಿಲ್ಲ. ಸ್ವಯಂಸೇವಕರು ನಿಂತಿರುವ ದಾರಿಯ ಹತ್ತಿರ, ಬೆಳಕಿರುವ ಕಡೆ ನಿಲ್ಲಿಸಿ. ಗೇರ್ ಲಾಕ್ ಹಾಕಿ. 'ಬ್ಲಾಕ್ ಆದರೆ ತೆಗೆಯಲಿಕ್ಕೆ ಬೇಕು' ಅಂತ ಯಾರಾದರೂ ಕೀ ಕೇಳಿದರೆ ಕೊಡಬೇಡಿ, ಫೋನ್ ನಂಬರ್ ಕೊಡಿ. ಮದುವೆ ಹಾಲ್‌ನ ವ್ಯಾಲೆ, ವಾಟರ್ ಸರ್ವಿಸ್, ಗ್ಯಾರೇಜ್ ಎಲ್ಲಿ ಕೊಟ್ಟರೂ ಕಾರಿನ ಕೀ ಒಂದೇ ಕೊಡಿ, ಮನೆ ಕೀ ಗೊಂಚಲು ಬೇಡ. ಆರ್‌ಸಿಯ ಒರಿಜಿನಲ್ ಡ್ಯಾಶ್‌ಬೋರ್ಡ್‌ನಲ್ಲಿ ಬಿಡಬೇಡಿ. ಡಿಜಿಲಾಕರ್, ಎಂಪರಿವಾಹನ್‌ನಲ್ಲಿರುವುದನ್ನು ಪೊಲೀಸರು ಒಪ್ಪುತ್ತಾರೆ.

ನಾವು ದುಬೈಯಲ್ಲಿದ್ದೇವೆ. ಊರಿನ ಮನೆಯಲ್ಲಿ ಕಾರು ಕವರ್ ಹಾಕಿ ನಿಂತಿದೆ.

ನಮ್ಮ ಕರಾವಳಿಯಲ್ಲಿ ಇಂಥ ಕಾರುಗಳು ಬೀದಿಗೆ ಎರಡು ಸಿಗುತ್ತವೆ. ಅದಕ್ಕೆ ನನಗೆ ಇದರ ಬಗ್ಗೆಯೇ ಹೆಚ್ಚು ಚಿಂತೆ. ಕವರ್ ಕೆಳಗಿನ ಕಾರು ಹೋಗಿ ಎಷ್ಟು ದಿನ ಆಯಿತು ಅಂತಲೂ ಗೊತ್ತಾಗುವುದಿಲ್ಲ. ಬ್ಯಾಟರಿ ಇಳಿದರೆ ಸೈರನ್, ಟ್ರ್ಯಾಕರ್ ಎರಡೂ ಸತ್ತಂತೆ.

ಗೇರ್ ಲಾಕ್ ಹಾಕಿ, ಫ್ಯುಯೆಲ್ ಪಂಪ್‌ನ ಫ್ಯೂಸ್ ತೆಗೆದಿಡಿ. ಎರಡು ಕೀಗಳನ್ನೂ ಖಾಲಿ ಮನೆಯಲ್ಲಿ ಬಿಡಬೇಡಿ, ಒಂದು ನಿಮ್ಮ ಜೊತೆ, ಇನ್ನೊಂದು ನಂಬಿಕಸ್ಥ ನೆಂಟರ ಮನೆಯಲ್ಲಿರಲಿ. ಅವರು ವಾರಕ್ಕೊಮ್ಮೆ ಬಂದು, ಕವರ್ ಎತ್ತಿ ಸ್ಟಾರ್ಟ್ ಮಾಡಿ, ಒಂದು ಫೋಟೋ ಕಳಿಸಲಿ. ಸ್ಟಾರ್ಟ್ ಮಾಡುವ ಮೊದಲು ಆ ಫ್ಯೂಸ್ ಹಾಕಬೇಕು ಅಂತ ಅವರಿಗೆ ತೋರಿಸಿಕೊಟ್ಟು ಹೋಗಿ. ಇನ್ಶೂರೆನ್ಸ್ ತಾರೀಕು ಫೋನ್‌ನಲ್ಲಿ ಗುರುತು ಹಾಕಿ. ಓಡದ ಕಾರಿಗೆ ಇನ್ಶೂರೆನ್ಸ್ ಯಾಕೆ ಅಂತ ಬಿಟ್ಟವರಿಗೆ ಕಳವಾದರೆ ಒಂದು ರೂಪಾಯಿಯೂ ಬರುವುದಿಲ್ಲ.

ಜಿಪಿಎಸ್ ಟ್ರ್ಯಾಕರ್ ಹಾಕಿದರೆ ಸಾಕಲ್ವಾ?

ಟ್ರ್ಯಾಕರ್ ಕಳ್ಳತನ ತಡೆಯುವುದಿಲ್ಲ, ಹುಡುಕಲು ಸಹಾಯ ಮಾಡುತ್ತದೆ. ಒಳಗೆ ಸ್ವಂತ ಬ್ಯಾಟರಿ ಇರುವುದನ್ನೇ ತಗೊಳ್ಳಿ, ಕಾರಿನ ಬ್ಯಾಟರಿ ತೆಗೆದರೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ ಕಳ್ಳ ಮೊದಲು ಕೈ ಹಾಕುತ್ತಾನೆ, ಬೇರೆ ಜಾಗ ನೋಡಿ. ಅದರ ಸಿಮ್ ರೀಚಾರ್ಜ್ ಮುಗಿದದ್ದು ಗೊತ್ತಾಗದೆ ಇರುವವರು ತುಂಬಾ ಜನ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ನೆಟ್‌ವರ್ಕ್ ಹೋಗುವುದರಿಂದ ನಕ್ಷೆಯಲ್ಲಿ ಕಾರು ನಿಂತ ಹಾಗೆ ಕಾಣಬಹುದು, ಘಾಟಿ ದಾಟಿದ ಮೇಲೆ ಮತ್ತೆ ಬರುತ್ತದೆ.

ಏರ್‌ಟ್ಯಾಗ್ ಥರದ, ವಸ್ತು ಎಲ್ಲಿದೆ ಅಂತ ಫೋನಿಗೆ ತೋರಿಸುವ ಸಣ್ಣ ಬಿಲ್ಲೆಗಳು ಅಗ್ಗ, ಆದರೆ ಅಪರಿಚಿತ ಟ್ಯಾಗ್ ಜೊತೆಯಲ್ಲಿದೆ ಅಂತ ಕಳ್ಳನ ಫೋನಿಗೇ ಸೂಚನೆ ಹೋಗಬಹುದು. ಕಂಪನಿಯ ಕನೆಕ್ಟೆಡ್ ಆ್ಯಪ್ ಇರುವ ಕಾರಾದರೆ ಅದರಲ್ಲಿ ದೂರದಿಂದ ಇಮೊಬಿಲೈಸ್ ಮಾಡುವ ಸೌಲಭ್ಯ ಇದೆಯಾ ನೋಡಿ, ಚಂದಾ ಮುಗಿದಿದ್ದರೆ ಮುಂದುವರಿಸಿ.

ಲೊಕೇಶನ್ ಸಿಕ್ಕಿತು ಅಂತ ನೀವೇ ಬೆನ್ನಟ್ಟಿ ಹೋಗಬೇಡಿ. 112ಕ್ಕೆ ಹೇಳಿ.

ಕಾರು ಕಾಣುತ್ತಿಲ್ಲ. ಮೊದಲು ಏನು ಮಾಡಬೇಕು?

ಟೋ ಆಗಿದೆಯಾ, ಮನೆಯವರು ಯಾರಾದರೂ ತಗೊಂಡು ಹೋದರಾ ಅಂತ ಒಂದೆರಡು ಫೋನ್ ಮಾಡಿ ನೋಡಿ. ಇಲ್ಲ ಅಂದರೆ ತಕ್ಷಣ 112. ನಮಗೆ ಸಮಯ ಬಹಳ ಕಡಿಮೆ. ರಾತ್ರಿ ರಸ್ತೆ ಖಾಲಿ ಇದ್ದರೆ ಪಂಪ್‌ವೆಲ್‌ನಿಂದ ತಲಪಾಡಿ ದಾಟಿ ಕೇರಳಕ್ಕೆ ಅರ್ಧ ಗಂಟೆ ಸಾಕು. ನಂಬರ್, ಬಣ್ಣ, ಗಾಜಿನ ಸ್ಟಿಕ್ಕರ್, ಬಂಪರ್ ಮೇಲಿನ ಗೀರು ಎಲ್ಲಾ ಹೇಳಿ.

ಎಫ್‌ಐಆರ್ ಅದೇ ದಿನ ಆಗಲಿ. ಕಾರು ಹೋದದ್ದು ಉಡುಪಿಯಲ್ಲಿ, ನೀವು ಮಂಗಳೂರಿನಲ್ಲಿದ್ದೀರಿ ಅಂದರೂ ಚಿಂತೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

ಫಾಸ್ಟ್‌ಟ್ಯಾಗ್ ಮೆಸೇಜ್ ನೋಡುತ್ತಿರಿ. ತಲಪಾಡಿ, ಹೆಜಮಾಡಿ, ಸಾಸ್ತಾನ, ಬ್ರಹ್ಮರಕೂಟ್ಲು, ಯಾವ ಟೋಲ್‌ನಲ್ಲಿ ಹಣ ಕಟ್ ಆಯಿತೋ ಕಾರು ಆ ದಿಕ್ಕಿಗೆ ಹೋಗಿದೆ ಅಂತ ಅರ್ಥ. ಹಾಗಾಗಿ ಪೊಲೀಸರನ್ನು ಕೇಳದೆ ಗಡಿಬಿಡಿಯಲ್ಲಿ ಟ್ಯಾಗ್ ಬ್ಲಾಕ್ ಮಾಡಿಸಬೇಡಿ. ಅಕ್ಕಪಕ್ಕದ ಮನೆ, ಅಂಗಡಿಯವರ ಸಿಸಿ ಕ್ಯಾಮೆರಾದ ವಿಡಿಯೋ ಅಳಿಸಿಹೋಗುವ ಮೊದಲೇ ತೆಗೆದಿಡಲು ಹೇಳಿ. ಆಮೇಲೆ ಇನ್ಶೂರೆನ್ಸ್ ಕಂಪನಿ, ಆರ್‌ಟಿಒ, ಸಾಲ ಇದ್ದರೆ ಬ್ಯಾಂಕ್.

ಇನ್ಶೂರೆನ್ಸ್‌ನಲ್ಲಿ ಪೂರ್ತಿ ಹಣ ಸಿಗುತ್ತದಾ?

ಥರ್ಡ್ ಪಾರ್ಟಿ ಮಾತ್ರ ಇದ್ದರೆ ಏನೂ ಇಲ್ಲ. ಓನ್ ಡ್ಯಾಮೇಜ್ (ನಿಮ್ಮ ಸ್ವಂತ ಕಾರಿನ ನಷ್ಟಕ್ಕೆ ಇರುವುದು) ಇದ್ದರೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ಸಿಗುತ್ತದೆ. ಪಾಲಿಸಿ ಮಾಡಿಸುವಾಗ ಕಾರು ಕಂಪನಿಯ ಬೆಲೆ ಎಷ್ಟಿತ್ತೋ ಅದರಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಕಳೆದು ಬರುವ ಲೆಕ್ಕ ಅದು. ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ. 50 ಕಳೆಯುತ್ತಾರೆ. ಪ್ರೀಮಿಯಂ ಉಳಿಸಲು ಐಡಿವಿ ತೀರಾ ಇಳಿಸಿದರೆ ನಷ್ಟ ಆಗುವುದು ಇಲ್ಲೇ. ಹೊಸ ಕಾರಿಗೆ 'ರಿಟರ್ನ್ ಟು ಇನ್‌ವಾಯ್ಸ್' ಸೇರಿಸಿ ತಗೊಂಡರೆ ಬಿಲ್ ಮೊತ್ತದ ಲೆಕ್ಕದಲ್ಲಿ ಸಿಗುತ್ತದೆ.

ಅವರು ಎರಡು ಕೀಗಳನ್ನೂ ಕೇಳುತ್ತಾರೆ. ಒಂದು ಇಲ್ಲ ಅಂದರೆ ಪ್ರಶ್ನೆಗಳು ಶುರು. ಕೀ ಕಾರಿನಲ್ಲೇ ಬಿಟ್ಟು ಹಾಲು ತರಲು ಇಳಿದಾಗ ಕಾರು ಹೋದರೆ, ಮಾಲೀಕರು ಜಾಗ್ರತೆ ವಹಿಸಿಲ್ಲ ಅಂತ ಕ್ಲೇಮ್ ತಳ್ಳಿಹಾಕಲು ಅಥವಾ ಕಡಿತ ಮಾಡಲು ನೋಡುತ್ತಾರೆ. ಕೀ ಕಳೆದುಹೋದ ದಿನವೇ ಪೊಲೀಸರಿಗೆ ಬರೆದುಕೊಟ್ಟು ಸ್ವೀಕೃತಿ ಇಟ್ಟುಕೊಂಡಿದ್ದರೆ ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಪೊಲೀಸರು ಹುಡುಕಿ ಸಿಗದಿದ್ದಾಗ ಕೋರ್ಟಿಗೆ ಪತ್ತೆಯಾಗದ ವರದಿ ಕೊಡುತ್ತಾರೆ, ನಮ್ಮಲ್ಲಿ ಸಿ ರಿಪೋರ್ಟ್ ಅನ್ನುತ್ತಾರೆ. ಅದು ಬಂದ ಮೇಲೆ ಹಣ. ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರ ತನಕ ಲೋನ್ ಕಂತು ನಿಲ್ಲಿಸಬೇಡಿ. ಕಂಪನಿಗೆ ತಡವಾಗಿ ತಿಳಿಸಿದಿರಿ ಅಂತ ತಿರಸ್ಕರಿಸಿದರೆ ಸುಮ್ಮನಾಗಬೇಡಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಬರೀ ಕಂಪನಿಗೆ ತಿಳಿಸಿದ್ದು ತಡ ಅನ್ನುವ ಕಾರಣಕ್ಕೆ ನಿಜವಾದ ಕ್ಲೇಮ್ ತಳ್ಳಿಹಾಕುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ.

ಗೆಳೆಯನ ಗೆಳೆಯ ನನ್ನ ಕಾರು ಬಾಡಿಗೆಗೆ ಕೇಳುತ್ತಿದ್ದಾನೆ. ಕೊಡಬಹುದಾ?

ಬೇಡ. ಬಿಳಿ ಬೋರ್ಡ್ ಕಾರು ಬಾಡಿಗೆಗೆ ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ತಗೊಂಡವನು ಬೇರೆ ಊರಲ್ಲಿ ಅಡವಿಟ್ಟು ಫೋನ್ ಆಫ್ ಮಾಡಿದರೆ ಅದು ನಂಬಿಕೆ ದ್ರೋಹದ ಕೇಸ್ ಆಗುತ್ತದೆ, ಕಳವಿನ ಕ್ಲೇಮ್ ಒಪ್ಪಿಸುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವಾಗ ಅದು ಕದ್ದದ್ದಲ್ಲ ಅಂತ ತಿಳಿಯುವುದು ಹೇಗೆ?

ಇದನ್ನು ಗಟ್ಟಿಯಾಗಿ ಕೇಳಿಸಿಕೊಳ್ಳಿ. ಆಕ್ಸಿಡೆಂಟ್ ಅಥವಾ ನೆರೆಯಲ್ಲಿ ಹಾಳಾದ ಕಾರನ್ನು ಕಾಗದ ಸಮೇತ ಕೊಂಡು, ಅದೇ ಮಾಡೆಲ್, ಅದೇ ಬಣ್ಣದ ಕಾರು ಕದ್ದು, ಹಾಳಾದದ್ದರ ಚಾಸಿಸ್ ನಂಬರ್ ಕದ್ದದ್ದಕ್ಕೆ ಕೂರಿಸಿ ಮಾರುವ ಜಾಲಗಳಿವೆ. ಕಾಗದ ಅಸಲಿ, ಕಾರು ಕಳವಿನದ್ದು.

ಚಾಸಿಸ್ ನಂಬರ್ 17 ಅಕ್ಷರ, ಅಂಕಿಗಳದ್ದು. ಅದು ಎಲ್ಲಿ ಕೊರೆದಿದೆ ಅಂತ ಮ್ಯಾನ್ಯುವಲ್‌ನಲ್ಲಿ ನೋಡಿ, ಟಾರ್ಚ್ ಹಾಕಿ ಓದಿ. ಸುತ್ತ ಉಜ್ಜಿದ ಗುರುತು, ಹೊಸ ಪೇಂಟ್, ಏರುಪೇರಾದ ಅಂಕಿಗಳು ಕಂಡರೆ ಎದ್ದು ಬನ್ನಿ. ಕಾರಿನ ಬೇರೆ ಕಡೆಯ ಪ್ಲೇಟ್, ಆರ್‌ಸಿ, ಎಂಪರಿವಾಹನ್ ಎಲ್ಲದರಲ್ಲೂ ಅದೇ ನಂಬರ್ ಇರಬೇಕು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್‌ನ ಅಶೋಕ ಚಕ್ರದ ಹಾಲೋಗ್ರಾಂ, ಎಡಗಡೆ ಕೆಳಗಿನ ಲೇಸರ್ ನಂಬರ್ ನೋಡಿ. ಅದರ ಸ್ನ್ಯಾಪ್ ಲಾಕ್ ಒಮ್ಮೆ ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ, ಅಲ್ಲಿ ಮಾಮೂಲಿ ಸ್ಕ್ರೂ ಇದ್ದರೆ ಯಾಕೆ ಅಂತ ಕೇಳಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಆನ್‌ಲೈನ್ ಸೇವೆಯಲ್ಲಿ ನಂಬರ್ ಹಾಕಿ, ಕಳವಾದ ವಾಹನಗಳ ದಾಖಲೆಯಲ್ಲಿ ಇದೆಯಾ ಅಂತಲೂ ನೋಡಬಹುದು. ಬೇರೆ ರಾಜ್ಯದಿಂದ ಬಂದು ಈಗಷ್ಟೇ ಕೆಎ-19 ಅಥವಾ ಕೆಎ-20 ಆದ ಕಾರಾದರೆ ಇದನ್ನೆಲ್ಲಾ ಇನ್ನೂ ಜಾಗ್ರತೆಯಿಂದ ಮಾಡಿ. ಎರಡನೇ ಕೀ ಕೊಡದ ಕಾರನ್ನು ನಾನಂತೂ ಯಾರಿಗೂ ತಗೊಳ್ಳಿ ಅನ್ನುವುದಿಲ್ಲ.

ಕದ್ದ ಕಾರು ಸಿಕ್ಕಿತು. ಮನೆಗೆ ತರುವುದು ಹೇಗೆ?

ಠಾಣೆಯಿಂದ ನೇರ ಕೊಡುವುದಿಲ್ಲ, ಕೋರ್ಟಿಗೆ ಅರ್ಜಿ ಹಾಕಬೇಕು. ಆರ್‌ಸಿ, ಇನ್ಶೂರೆನ್ಸ್, ಗುರುತಿನ ಚೀಟಿ ತೋರಿಸಿ, ಬಾಂಡ್ ಬರೆದುಕೊಟ್ಟರೆ ಕೇಸ್ ಮುಗಿಯುವ ತನಕ ನಿಮ್ಮ ವಶಕ್ಕೆ ಬಿಡುತ್ತಾರೆ. ವಾಹನಗಳನ್ನು ಠಾಣೆಯಲ್ಲಿ ಸುಮ್ನೆ ಕೊಳೆಯಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ, ನಿಮ್ಮ ವಕೀಲರಿಗೆ ಅದು ಗೊತ್ತಿರುತ್ತದೆ. ಇನ್ಶೂರೆನ್ಸ್ ಹಣ ಆಗಲೇ ಬಂದಿದ್ದರೆ ಕಾರು ಕಂಪನಿಗೆ ಸೇರುತ್ತದೆ.

ಕಾರು ಕೈಗೆ ಸಿಕ್ಕಿದ ಮೇಲೆ ಮೊದಲು ಸರ್ವಿಸ್ ಸೆಂಟರ್‌ಗೆ ಹೋಗಿ ಹಳೆಯ ಕೀಗಳನ್ನೆಲ್ಲಾ ಕಾರಿನ ಮೆಮೊರಿಯಿಂದ ಅಳಿಸಿ, ನಿಮ್ಮ ಕೀಗಳನ್ನು ಮಾತ್ರ ಮತ್ತೆ ಸೇರಿಸಲು ಹೇಳಿ. ಕಳ್ಳ ಮಾಡಿಕೊಂಡ ಕೀ ಎಲ್ಲಾದರೂ ಉಳಿದಿದ್ದರೂ ಆಮೇಲೆ ಅದರಿಂದ ಕಾರು ಸ್ಟಾರ್ಟ್ ಆಗುವುದಿಲ್ಲ.